ಊರಿಗೆಲ್ಲ ಗೊತ್ತು, ಕಡತಕ್ಕೆ ಗೊತ್ತಿಲ್ಲ

ಅಮೆರಿಕದ ಟೆಕ್ಸಸ್ ರಾಜ್ಯದ ಪಶ್ಚಿಮ ಅಂಚಿನಲ್ಲಿ ಲವಿಂಗ್ ಎಂಬ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕವಿದೆ. ಸುಮಾರು 1,750 ಚದರ ಕಿಲೋಮೀಟರ್ ವಿಸ್ತಾರದ ಈ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ ವಾಸವಾಗಿದ್ದವರು 64 ಮಂದಿ. ಇಷ್ಟು ಸಣ್ಣ ಜಾಗದಲ್ಲಿ ಮಧ್ಯಾಹ್ನ ಒಬ್ಬನ ಕೈಗೆ ಕೋಳ ಬಿದ್ದರೆ, ಸಂಜೆಯ ಹೊತ್ತಿಗೆ ಉಳಿದ 63 ಮಂದಿಗೂ ಆ ಸುದ್ದಿಯೂ ಅದರ ಕಾರಣವೂ ಅವನ ಅಜ್ಜನ ಕಾಲದ ತಂಟೆಗಳೂ ತಲುಪಿರುತ್ತವೆ ಎಂದು ಊಹಿಸಲು ಯಾವ ತನಿಖಾ ಸಂಸ್ಥೆಯೂ ಬೇಕಾಗಿಲ್ಲ. ಬಂಧನದ ವಾರ್ತೆಯನ್ನು ಬಾಯಿಂದ ಬಾಯಿಗೆ ದಾಟಿಸುವುದರಲ್ಲಿ ಸಣ್ಣ ಕೌಂಟಿಗಳನ್ನು ಮೀರಿಸಿದವರಿಲ್ಲ. ಅದೇ ವಾರ್ತೆ ಮೊಹರು ಬಿದ್ದ ಕಾಗದದ ರೂಪದಲ್ಲಿ ಬೇಕೆಂದು ಯಾರಾದರೂ ಕೇಳಿದಾಗ ಮಾತ್ರ ಕಷ್ಟ ಶುರುವಾಗುತ್ತದೆ.

ಕಾನೂನಿನಲ್ಲಿ ಕೊರತೆಯಿದೆ ಎಂದು ಯಾರೂ ದೂರುವಂತಿಲ್ಲ. ಸರ್ಕಾರಿ ಕಡತಗಳು ಜನರಿಗೆ ತೆರೆದಿರಬೇಕೆಂಬ ಕಾಯ್ದೆಯನ್ನು ಟೆಕ್ಸಸ್ 1973ರಲ್ಲೇ ತಂದಿತು. ತನಿಖೆಯ ಹೆಸರಿನಲ್ಲಿ ಪೊಲೀಸರು ಬಹಳಷ್ಟನ್ನು ಮುಚ್ಚಿಟ್ಟುಕೊಳ್ಳಬಹುದಾದರೂ, ಬಂಧಿತನ ಕುರಿತ, ಬಂಧನದ ಕುರಿತ, ಅಪರಾಧದ ಕುರಿತ ಮೂಲ ವಿವರಗಳನ್ನು ಮುಚ್ಚಿಡುವಂತಿಲ್ಲ ಎಂದು ಆ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ನಕಲಿನ ಶುಲ್ಕ ಪುಟಕ್ಕೆ 10 ಸೆಂಟ್. ಯಾತಕ್ಕೆ ಬೇಕೆಂದು ಅಧಿಕಾರಿ ಕೇಳುವಂತೆಯೂ ಇಲ್ಲ. ಆದರೆ ಕಡತವನ್ನು ಕೊಡಲು ಮನಸ್ಸಾಗದ ಕಚೇರಿಯು ಕಚೇರಿ ದಿನಗಳ ಲೆಕ್ಕದಲ್ಲಿ 10 ದಿನಗಳೊಳಗೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಅವರ ಅಭಿಪ್ರಾಯ ಕೇಳಬಹುದು, ಅಟಾರ್ನಿ ಜನರಲ್ ಅವರು ಮತ್ತೆ ಕಚೇರಿ ದಿನಗಳ ಲೆಕ್ಕದಲ್ಲೇ 45 ದಿನ ಆಲೋಚಿಸಬಹುದು. ಅಷ್ಟರಲ್ಲಿ ಬಂಧಿತನು ಜಾಮೀನು ಪಡೆದು, ಮನೆಗೆ ಬಂದು, ಅರ್ಜಿದಾರನ ಪಕ್ಕದ ಮೇಜಿನಲ್ಲೇ ಕುಳಿತು ಕಾಫಿ ಕುಡಿಯುತ್ತಿರಬಹುದು. ವಿವರವನ್ನು ಅವನನ್ನೇ ಕೇಳಿ ತಿಳಿದುಕೊಳ್ಳುವುದು ಕಾಯ್ದೆಗಿಂತ ಶೀಘ್ರವೂ ಅಗ್ಗವೂ ಆದ ಮಾರ್ಗ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಮ್ಮವರು ಟೆಕ್ಸಸ್ಸನ್ನು ನೋಡದೆಯೇ ಕಟ್ಟಿದರು ಎಂಬುದು ಅವರ ದೂರದೃಷ್ಟಿಗೆ ಸಾಕ್ಷಿ.

ಆ ಪೂಜಾರಿಯ ಮೇಲೆ ಪೂರ್ತಿ ತಪ್ಪು ಹೊರಿಸುವುದೂ ನ್ಯಾಯವಲ್ಲ. ಟೆಕ್ಸಸ್ ಸಂವಿಧಾನದ ಪ್ರಕಾರ 10,000ಕ್ಕಿಂತ ಕಡಿಮೆ ಜನಸಂಖ್ಯೆಯ ಕೌಂಟಿಗಳಲ್ಲಿ, ಮತದಾರರು ಬೇರೆ ವ್ಯವಸ್ಥೆಯನ್ನು ಒಪ್ಪದ ಹೊರತು, ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರೀಫರೇ ತೆರಿಗೆ ವಸೂಲಿಯ ಅಧಿಕಾರಿ. 8,000ಕ್ಕಿಂತ ಕಡಿಮೆಯಿದ್ದರೆ ಕೌಂಟಿ ನ್ಯಾಯಾಲಯಕ್ಕೂ ಜಿಲ್ಲಾ ನ್ಯಾಯಾಲಯಕ್ಕೂ ಒಬ್ಬರೇ ಕ್ಲರ್ಕ್ ಇರಬಹುದು. ಹೀಗಾಗಿ ಕಾರಿನ ನೋಂದಣಿಗೆ ಹಣ ಕಟ್ಟಿಸಿಕೊಳ್ಳುವ ಇಲಾಖೆಯೇ ಅದೇ ಕಾರಿನಲ್ಲಿ ಹೋಗುವವನನ್ನು ಹೆದ್ದಾರಿಯಲ್ಲಿ ಹಿಡಿಯುತ್ತದೆ. ಹಿಡಿದ ಮೇಲೆ ಹುಟ್ಟುವ ಕಾಗದವು ಜಮೀನಿನ ಪತ್ರ, ಮದುವೆಯ ಪರವಾನಗಿಗಳನ್ನು ಕಾಯುವ ಕ್ಲರ್ಕ್ ಬಳಿಗೇ ಹೋಗುತ್ತದೆ. ಈ ಕ್ಲರ್ಕ್ ಊಟಕ್ಕೆ ಎದ್ದರೆ ಎರಡು ನ್ಯಾಯಾಲಯಗಳ ಸ್ಮರಣಶಕ್ತಿ ಒಮ್ಮೆಗೇ ಊಟಕ್ಕೆ ಹೋದಂತಾಗುತ್ತದೆ.

ಜೈಲೇ ಇಲ್ಲದ ಕೌಂಟಿಗಳ ವೈಭವ ಇನ್ನೂ ದೊಡ್ಡದು. ಇಂಥ ಕೌಂಟಿಗಳು ತಾವು ಹಿಡಿದವರನ್ನು ಪಕ್ಕದ ಕೌಂಟಿಯ ಜೈಲಿನಲ್ಲಿ ಬಾಡಿಗೆಯ ಲೆಕ್ಕದಲ್ಲಿ ಇರಿಸುತ್ತವೆ. ಆಗ ಬಂಧನದ ವರದಿ ಒಂದು ಕಡೆ, ಬೆರಳಚ್ಚು ಮತ್ತು ಬಂಧಿತನ ಮುಖದ ಫೋಟೋ ಅಂದರೆ ಮಗ್‌ಶಾಟ್ ಇನ್ನೊಂದು ಕಡೆ, ಪ್ರಕರಣ ಮತ್ತೆ ಮೊದಲಿನ ಕಡೆ. ಪಕ್ಕದ ಜೈಲಿಗೆ ಹೋಗಿ ಕೇಳಿದರೆ, ‘ಆತ ನಮ್ಮ ಅತಿಥಿ ಮಾತ್ರ, ಬಂಧಿಸಿದವರು ನಾವಲ್ಲ’ ಎಂಬ ಉತ್ತರ ಸಿಗುತ್ತದೆ. ಬಂಧಿಸಿದವರನ್ನು ಕೇಳಿದರೆ, ‘ಬಂಧಿಸಿದ್ದು ನಿಜ, ಆದರೆ ಆತ ನಮ್ಮಲ್ಲಿಲ್ಲ’ ಎಂಬ ಉತ್ತರ ಸಿಗುತ್ತದೆ. ಎರಡೂ ಸತ್ಯವೇ. ಜಾಲತಾಣದಲ್ಲಿ ಹಾಕುವ ಜೈಲು ಪಟ್ಟಿಯಾದರೂ ನೆರವಾದೀತೆಂದುಕೊಂಡರೆ, ಇಂಥ ಪಟ್ಟಿಗಳಲ್ಲಿ ಹೆಚ್ಚಿನವು ಸದ್ಯ ಒಳಗಿರುವವರ ಹೆಸರನ್ನಷ್ಟೇ ತೋರಿಸುತ್ತವೆ. ಬಿಡುಗಡೆಯಾದ ಕ್ಷಣದಿಂದ ಮನುಷ್ಯನು ಆ ಪಟ್ಟಿಯ ಪಾಲಿಗೆ ಹುಟ್ಟೇ ಇರಲಿಲ್ಲ.

ಟೆಕ್ಸಸ್ ಕನಿಷ್ಠಪಕ್ಷ ಅರ್ಜಿದಾರನ ಊರು ಯಾವುದೆಂದು ಕೇಳಿ ಬಾಗಿಲು ಹಾಕುವುದಿಲ್ಲ. ವರ್ಜೀನಿಯಾ ರಾಜ್ಯದ ಕಾಯ್ದೆಯು ಕಡತ ನೋಡುವ ಹಕ್ಕನ್ನು ಆ ರಾಜ್ಯದ ನಾಗರಿಕರಿಗೆ ಮೀಸಲಿಟ್ಟಿದೆ. ರೋಡ್ ಐಲೆಂಡ್ ಮತ್ತು ಕ್ಯಾಲಿಫೋರ್ನಿಯಾದ ನಿವಾಸಿಗಳಿಬ್ಬರು ಇದನ್ನು ಪ್ರಶ್ನಿಸಿ ಹೋದಾಗ, ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ಸರ್ವಾನುಮತದಿಂದ ವರ್ಜೀನಿಯಾದ ಪರವಾಗಿ ತೀರ್ಪು ಕೊಟ್ಟಿತು. ಟೆನೆಸಿಯ ಕಾಯ್ದೆಯೂ ಇದೇ ಜಾತಿಯದು. ಅಂದರೆ, ಅಂಥ ರಾಜ್ಯದ ಕುಗ್ರಾಮವೊಂದರ ಹೆದ್ದಾರಿಯಲ್ಲಿ ಹಾದುಹೋಗುವ ಪರರಾಜ್ಯದವನನ್ನು ಬಂಧಿಸಲು ಯಾವ ಅಡ್ಡಿಯೂ ಇಲ್ಲ. ಆ ಬಂಧನದ ವಿಚಾರವನ್ನು ಪರರಾಜ್ಯದಲ್ಲಿರುವ ಅವನ ತಮ್ಮ ತಿಳಿಯಬಯಸಿದರೆ ಮಾತ್ರ ಒಕ್ಕೂಟ ವ್ಯವಸ್ಥೆಯ ಪಾವಿತ್ರ್ಯ ನೆನಪಾಗುತ್ತದೆ.

ಸರ್ಕಾರ ಬಿಟ್ಟ ಈ ತೆರಪನ್ನು ತುಂಬಲು ಖಾಸಗಿ ಪರೋಪಕಾರಿಗಳು ಮುಂದೆ ಬಂದಿದ್ದಾರೆ. ಯಾವ ಕೌಂಟಿಯ ಹೆಸರನ್ನು ಬರೆದು ಹುಡುಕಿದರೂ ಮೊದಲು ಎದುರಾಗುವುದು ಕೌಂಟಿಯ ಕಚೇರಿಯಲ್ಲ, ಬಂಧನದ ದಾಖಲೆಗಳನ್ನು ಉಚಿತವಾಗಿ ತೋರಿಸುವೆವೆಂದು ಕರೆಯುವ ಅಂಗಡಿಗಳು. ಹೆಸರು ಕೊಟ್ಟ ಮೇಲೆ ಪರದೆಯ ಮೇಲೆ ಹಸಿರು ಪಟ್ಟಿಯೊಂದು ಗಾಂಭೀರ್ಯದಿಂದ ತೆವಳುತ್ತದೆ, ನ್ಯಾಯಾಲಯಗಳನ್ನು ಶೋಧಿಸುತ್ತಿರುವುದಾಗಿ ಘೋಷಿಸುತ್ತದೆ, ಸಿಗುವ ಸಂಗತಿಗಳು ಆಘಾತಕಾರಿಯಾಗಿರಬಹುದೆಂದು ಎಚ್ಚರಿಸುತ್ತದೆ, ಕೊನೆಗೆ ಕ್ರೆಡಿಟ್ ಕಾರ್ಡಿನ ಸಂಖ್ಯೆ ಕೇಳುತ್ತದೆ. ಈ ಸೇವೆಯ ಗುಣಮಟ್ಟವನ್ನು ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಒಮ್ಮೆ ಪರಿಶೀಲಿಸಿತು. ಟ್ರೂತ್‌ಫೈಂಡರ್ ಮತ್ತು ಇನ್‌ಸ್ಟಂಟ್ ಚೆಕ್‌ಮೇಟ್ ಎಂಬ ಕಂಪನಿಗಳು ಕೇವಲ ಟ್ರಾಫಿಕ್ ಚೀಟಿ ಪಡೆದವರಿಗೂ ಅಪರಾಧ ಅಥವಾ ಬಂಧನದ ಹಿನ್ನೆಲೆಯಿದೆಯೆಂಬ ಭಾವನೆ ಹುಟ್ಟಿಸುತ್ತಿದ್ದವೆಂದು ಅದು 2023ರಲ್ಲಿ ಆರೋಪಿಸಿತು, ಮತ್ತು ಆ ಪ್ರಕರಣ 58 ಲಕ್ಷ ಡಾಲರ್ ದಂಡದಲ್ಲಿ ಇತ್ಯರ್ಥವಾಯಿತು. ವರದಿಯಲ್ಲಿದ್ದ ‘ತೆಗೆದುಹಾಕಿ’ ಎಂಬ ಗುಂಡಿಯನ್ನು ಒತ್ತಿದರೆ ಆ ವಿವರವು ಒತ್ತಿದವನ ಕಣ್ಣಿಗೆ ಮಾತ್ರ ಕಾಣದಾಗುತ್ತಿತ್ತು, ಉಳಿದ ಗ್ರಾಹಕರಿಗೆ ಯಥಾಪ್ರಕಾರ ಕಾಣುತ್ತಿತ್ತು ಎಂಬುದೂ ಆ ಆರೋಪಗಳಲ್ಲೊಂದು. ಕಣ್ಣು ಮುಚ್ಚಿ ಹಾಲು ಕುಡಿಯುವ ಕಲೆಯನ್ನು ಇಷ್ಟು ಅಚ್ಚುಕಟ್ಟಾಗಿ ತಂತ್ರಾಂಶಕ್ಕೆ ಇಳಿಸಿದವರನ್ನು ದಂಡಿಸುವ ಬದಲು ಸನ್ಮಾನಿಸಬೇಕಿತ್ತು.

ಇನ್ನು ಮಗ್‌ಶಾಟ್ ವ್ಯಾಪಾರಿಗಳು. ಶೆರೀಫರ ಜಾಲತಾಣದಿಂದ ಚಿತ್ರಗಳನ್ನು ಪುಕ್ಕಟೆ ಗೋರಿಕೊಂಡು ಪ್ರಕಟಿಸುವುದು, ಚಿತ್ರದಲ್ಲಿರುವವನು ಬೇಡಿಕೊಂಡರೆ ತೆಗೆಯಲು ನೂರಾರು ಡಾಲರ್ ಕೇಳುವುದು, ಇದು ಅವರ ಕಸುಬು. 2018ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರವು ಇಂಥ ಒಂದು ತಾಣದ ಮಾಲೀಕರೆನ್ನಲಾದ ನಾಲ್ವರ ಮೇಲೆ ಸುಲಿಗೆಯ ಮೊಕದ್ದಮೆ ಹೂಡಿತು. ತಮಾಷೆಯೆಂದರೆ, ಆರೋಪ ವಜಾ ಆದದ್ದೂ ಖುಲಾಸೆಯಾದದ್ದೂ ಅಷ್ಟೇ ಸಾರ್ವಜನಿಕ ಸಂಗತಿಗಳಾಗಿದ್ದರೂ ಅವನ್ನು ಗೋರಲು ಯಾವ ವ್ಯಾಪಾರಿಯೂ ಬರುವುದಿಲ್ಲ. ಬಿಡುಗಡೆಯಾದವನ ಮುಖವನ್ನು ಯಾರೂ ಫೋಟೋ ತೆಗೆಯುವುದಿಲ್ಲವಾದ್ದರಿಂದ ಸರಕಿನ ಕೊರತೆಯೂ ಇರಬಹುದು.

ತಪ್ಪು ಮಾಡದವರಿಗೆ ಇದರ ಗೊಡವೆ ಏಕೆ ಎನ್ನುವವರು ಟೆಕ್ಸಸ್ಸಿನ ಲಾಗೊ ವಿಸ್ಟಾ ಎಂಬ ಸಣ್ಣ ಪಟ್ಟಣವನ್ನು ನೆನೆಯಬೇಕು. ಅಲ್ಲಿ 1997ರಲ್ಲಿ ಮಕ್ಕಳೊಡನೆ ಸೀಟ್ ಬೆಲ್ಟ್ ಇಲ್ಲದೆ ಹೋಗುತ್ತಿದ್ದ ತಾಯಿಯೊಬ್ಬರಿಗೆ ಕೈಕೋಳ ತೊಡಿಸಿ, ಮಗ್‌ಶಾಟ್ ತೆಗೆದು, ಸುಮಾರು ಒಂದು ಗಂಟೆ ಕೋಣೆಯಲ್ಲಿ ಕೂಡಿಹಾಕಲಾಯಿತು. ಆ ತಪ್ಪಿಗೆ ಇದ್ದ ಗರಿಷ್ಠ ಶಿಕ್ಷೆ 50 ಡಾಲರ್ ದಂಡ. ಈ ಬಂಧನ ಸಂವಿಧಾನಬದ್ಧವಾಗಿಯೇ ಇದೆ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಐದು ನಾಲ್ಕರ ಬಹುಮತದಿಂದ ಹೇಳಿತು.

ಡಾಲಸ್ಸಿನಲ್ಲೋ ಹ್ಯೂಸ್ಟನ್ನಿನಲ್ಲೋ ಕೆಲಸ ಮಾಡುವ ಕನ್ನಡಿಗರಿಗೆ ಈ ವಿಷಯ ಎದುರಾಗುವುದು ಇಲ್ಲೇ. ಗ್ರೀನ್ ಕಾರ್ಡಿನ ಮತ್ತು ಪೌರತ್ವದ ಅರ್ಜಿಗಳು ಎಂದಾದರೂ ಬಂಧನವಾಗಿತ್ತೇ ಎಂದು ಕೇಳುತ್ತವೆ. ಆರೋಪ ಬಿದ್ದುಹೋಗಿದ್ದರೂ, ದಾಖಲೆ ಅಳಿಸಿಹೋಗಿದ್ದರೂ ಹೌದೆಂದೇ ಉತ್ತರಿಸಬೇಕು, ಮತ್ತು ಪ್ರಕರಣ ಹೇಗೆ ಮುಗಿಯಿತೆಂಬುದಕ್ಕೆ ನ್ಯಾಯಾಲಯದ ದೃಢೀಕೃತ ಪ್ರತಿ ಲಗತ್ತಿಸಬೇಕು. ಅತ್ತ ಟೆಕ್ಸಸ್ಸಿನ ಕಾನೂನು ನಿರ್ದೋಷಿಗೆ ದೊಡ್ಡ ಉಪಕಾರವೊಂದನ್ನು ಮಾಡುತ್ತದೆ: ಬಂಧನದ ದಾಖಲೆಗಳನ್ನೇ ನಾಶಪಡಿಸುವ ಆದೇಶವನ್ನು ಆತ ಪಡೆಯಬಹುದು. ಉತ್ಸಾಹದಿಂದ ಆದೇಶ ಪಡೆದವನು ಕೆಲವು ವರ್ಷಗಳ ಬಳಿಕ ಅದೇ ಕ್ಲರ್ಕ್ ಮುಂದೆ ನಿಂತು, ತಾನೇ ನಾಶಪಡಿಸಿದ ಕಾಗದದ ಪ್ರತಿಯನ್ನು ಕೇಳಬೇಕಾಗುತ್ತದೆ. ಕ್ಲರ್ಕ್ ಕಾನೂನಿಗೆ ತಲೆಬಾಗಿ, ಅಂಥ ದಾಖಲೆ ಯಾವುದೂ ಇಲ್ಲವೆಂದು ಮೊಹರು ಒತ್ತಿ ಬರೆದುಕೊಡುತ್ತಾರೆ. ಬಂಧನವಾಗಿತ್ತೆಂದು ಪ್ರಮಾಣಪೂರ್ವಕವಾಗಿ ಒಪ್ಪಿಕೊಂಡ ಅರ್ಜಿಗೆ, ಅಂಥದ್ದೇನೂ ದಾಖಲೆಯಲ್ಲಿಲ್ಲವೆಂಬ ಸರ್ಕಾರಿ ಪತ್ರವನ್ನು ಪುರಾವೆಯಾಗಿ ಹೊಲಿದು ವಲಸೆ ಇಲಾಖೆಗೆ ಕಳುಹಿಸಲಾಗುತ್ತದೆ. ಆ ಇಲಾಖೆಯ ಅಧಿಕಾರಿಗೆ ಎರಡರಲ್ಲಿ ಯಾವುದನ್ನು ನಂಬಬೇಕೆಂಬ ಗೊಂದಲವಾದರೆ, ಮಗ್‌ಶಾಟ್ ವ್ಯಾಪಾರಿಯೊಬ್ಬನ ತಾಣದಲ್ಲಿ ಚಿತ್ರ, ದಿನಾಂಕ, ಸಮಯ ಎಲ್ಲವೂ ಜೋಪಾನವಾಗಿ ಉಳಿದಿರಬಹುದು, ಅರ್ಜಿದಾರನು ಅವಸರಪಟ್ಟು ಅದನ್ನೂ ದುಡ್ಡು ಕೊಟ್ಟು ತೆಗೆಸಿರದಿದ್ದರೆ.