"ಇನ್ನಷ್ಟು ಅಭ್ಯಾಸ ಮಾಡು" ಎಂದು ಹೇಳುವ ಮೊದಲು

ನನ್ನ ತಮ್ಮನಿಗೆ ಈಗ 36 ವರ್ಷ. ಅವನು ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಳ್ಳುತ್ತಾನೆ. ಮೊದಲು ಅಂಗಿಯ ಎರಡೂ ಅಂಚುಗಳನ್ನು ಕಣ್ಣಿಗೆ ಚೆನ್ನಾಗಿ ಕಾಣುವಂತೆ ಕೆಳಗೆ ಜೋಡಿಸಿ ಹಿಡಿಯುತ್ತಾನೆ. ಒಂದು ಕೈಯ ಹೆಬ್ಬೆರಳಿನಿಂದ ಕಾಜವನ್ನು ಅಗಲಿಸಿ, ಇನ್ನೊಂದು ಕೈಯಿಂದ ಗುಂಡಿಯನ್ನು ಅಡ್ಡವಾಗಿ ತೂರಿಸಿ, ಅರ್ಧ ಆಚೆ ಬಂದ ಮೇಲೆ ಆ ಬದಿಯಿಂದ ಎಳೆದುಕೊಳ್ಳುತ್ತಾನೆ. "ಅಂಚು, ಕಾಜ, ತೂರಿಸು, ಎಳೆ" ಎಂದು ಅವನು ತುಟಿಯೊಳಗೇ ಹೇಳಿಕೊಳ್ಳುವುದು ಪಕ್ಕದಲ್ಲಿ ನಿಂತವರಿಗಷ್ಟೇ ಕೇಳಿಸುತ್ತದೆ. ಈ ನಾಲ್ಕು ಮಾತುಗಳನ್ನು ಅವನು ಕಲಿತದ್ದು 31ನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅಂಗಿ ತೊಡಲೇಬೇಕಾದ ದಿನ ಬಂದರೆ, ನಾನೋ ಅಮ್ಮನೋ ಮೊದಲೇ ಗುಂಡಿ ಹಾಕಿಟ್ಟಿದ್ದ ಅಂಗಿಯನ್ನು ತಲೆಯ ಮೇಲಿಂದ ಎಳೆದುಕೊಳ್ಳುತ್ತಿದ್ದ.

ಅವನಿಗಿರುವುದು ಡಿಸ್‌ಪ್ರಾಕ್ಸಿಯಾ. ವೈದ್ಯರು ಇದನ್ನು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎಂದು ಬರೆಯುತ್ತಾರೆ. ಇಲ್ಲಿ ಸ್ನಾಯುಗಳಿಗೆ ಬಲವಿಲ್ಲವೆಂದಲ್ಲ, ಬುದ್ಧಿಗೆ ಕೊರತೆಯೂ ಇಲ್ಲ. ಮಾಡಬೇಕಾದದ್ದು ಏನೆಂದು ಮನಸ್ಸಿಗೆ ಸ್ಪಷ್ಟವಾಗಿ ಗೊತ್ತಿದ್ದರೂ, ಅದನ್ನು ಚಲನೆಗಳ ಸರಣಿಯಾಗಿ ಯೋಜಿಸಿ, ಕೈಕಾಲುಗಳಿಂದ ಸರಿಯಾದ ಹೊತ್ತಿಗೆ, ಸರಿಯಾದ ಬಲದಲ್ಲಿ ಮಾಡಿಸುವ ಕೆಲಸ ಮಿದುಳಿಗೆ ಸಲೀಸಾಗಿ ಆಗುವುದಿಲ್ಲ. ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇಕಡಾ 5ರಿಂದ 6ರಷ್ಟು ಮಂದಿಗೆ ಇದು ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಮೂವತ್ತು ಮಕ್ಕಳ ಒಂದು ತರಗತಿಯಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ ಎಂದಾಯಿತು. ಆ ಒಬ್ಬಿಬ್ಬರನ್ನು ನಾವೆಲ್ಲರೂ ಬಲ್ಲೆವು: ಲೋಟ ಚೆಲ್ಲುವ ಮಗು, ಸಮತಟ್ಟಾದ ನೆಲದಲ್ಲೂ ಎಡವುವ ಮಗು, ಬರೆದದ್ದೆಲ್ಲ ಕಾಗೆ ಕಾಲು ಗುಬ್ಬಿ ಕಾಲಾಗುವ ಮಗು. ಆದರೆ ನಾವು ಅವರನ್ನು ಗುರುತಿಸುತ್ತಿದ್ದುದು ಬೇರೆ ಹೆಸರುಗಳಿಂದ. ಗಮನವಿಲ್ಲದವನು, ಸೋಮಾರಿ, ಒರಟು ಕೈಯವನು.

ಸ್ಯಾಮ್ಯುಯೆಲ್ ಆರ್ಟನ್ ಎಂಬ ಅಮೆರಿಕದ ವೈದ್ಯರು 1937ರಲ್ಲೇ ಇಂಥ ಮಕ್ಕಳ ಬಗ್ಗೆ ಬರೆದಿದ್ದರು. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿಯಲ್ಲಿ 1987ರಲ್ಲಿ ಇದಕ್ಕೆ ಸ್ಥಾನ ಸಿಕ್ಕಿತು. ಬಳಕೆಯಲ್ಲಿದ್ದ ಹಲವು ಹೆಸರುಗಳ ಬದಲು ಒಂದನ್ನೇ ಬಳಸೋಣವೆಂದು ತಜ್ಞರು 1994ರಲ್ಲಿ ಕೆನಡಾದ ಲಂಡನ್ ನಗರದಲ್ಲಿ ಸೇರಿ ಒಪ್ಪಿದರು. ಇಷ್ಟೆಲ್ಲ ಆದ ಮೇಲೆ ಶಾಲೆಗೆ ಹೋದವನು ನನ್ನ ತಮ್ಮ. ಆದರೂ ಅವನ ಒಬ್ಬ ಅಧ್ಯಾಪಕರು ಒಂದೇ ಪುಟವನ್ನು ಹತ್ತು ಸಲ ಬರೆಸುತ್ತಿದ್ದರು. ಹತ್ತನೆಯದು ಮೊದಲನೆಯದಕ್ಕಿಂತ ಕೆಟ್ಟದಾಗಿರುತ್ತಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ಅವನ ಕೈ ಸೋತುಹೋಗಿರುತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ. ಅಭ್ಯಾಸದಿಂದ ಎಲ್ಲವೂ ಸರಿಹೋಗುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದರು.

ನನ್ನ ತಕರಾರಿರುವುದು ಈ ನಂಬಿಕೆಯ ಮೇಲೆ. ನಾವು ಒಂದು ಲೋಟವನ್ನು ಎತ್ತುವಾಗ, ಕೈ ಎಷ್ಟು ದೂರ ಹೋಗಬೇಕು, ಲೋಟ ಎಷ್ಟು ಭಾರವಿದ್ದೀತು ಎಂಬುದನ್ನು ಮಿದುಳು ಮುಂಚೆಯೇ ಊಹಿಸಿರುತ್ತದೆ. ಊಹೆಗೂ ನಡೆದದ್ದಕ್ಕೂ ವ್ಯತ್ಯಾಸ ಕಂಡರೆ ಮುಂದಿನ ಸಲಕ್ಕೆ ತಿದ್ದಿಕೊಳ್ಳುತ್ತದೆ. ಡಿಸ್‌ಪ್ರಾಕ್ಸಿಯಾದಲ್ಲಿ ಈ ಊಹಿಸುವ ಮತ್ತು ತಿದ್ದಿಕೊಳ್ಳುವ ವ್ಯವಸ್ಥೆಯೇ ದುರ್ಬಲವಾಗಿರುತ್ತದೆ ಎಂಬುದು ಅನೇಕ ಸಂಶೋಧಕರು ಕೊಡುವ ವಿವರಣೆ. ಹಾಗಿರುವಾಗ, ತಪ್ಪಾದ ಚಲನೆಯನ್ನೇ ನೂರು ಸಲ ಮಾಡಿಸಿದರೆ ಮಗು ಕಲಿಯುವುದು ಏನನ್ನು? ದಣಿವನ್ನು, ಅವಮಾನವನ್ನು, ಕೊನೆಗೆ ಆ ಕೆಲಸದ ಹತ್ತಿರವೇ ಸುಳಿಯದಿರುವುದನ್ನು. ಅಭ್ಯಾಸ ಬೇಡವೆಂದು ನಾನು ಹೇಳುತ್ತಿಲ್ಲ. ಇಂಥವರಿಗೆ ಇತರರಿಗಿಂತ ಹೆಚ್ಚೇ ಬೇಕು. ಆದರೆ ದಾರಿ ತೋರಿಸಿದ ಮೇಲೆ ಮಾಡಿಸುವ ಅಭ್ಯಾಸ ಬೇರೆ, ದಾರಿ ತೋರಿಸದೆ "ಇನ್ನಷ್ಟು ಮಾಡು" ಎನ್ನುವುದು ಬೇರೆ.

ದಾರಿ ತೋರಿಸುವುದು ಹೇಗೆ ಎಂಬುದು ಈಗ ಸಾಕಷ್ಟು ತಿಳಿದಿದೆ. ಚೆಂಡು ಹಿಡಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು ಮುಂತಾದ ಸಾಮಾನ್ಯ ವ್ಯಾಯಾಮಗಳಿಂದ ಕೈಬರಹವೂ ತಾನಾಗಿ ಸುಧಾರಿಸೀತೆಂದು ಕಾಯುವ ಬದಲು, ಯಾವ ಕೆಲಸ ಬರಬೇಕೋ ಅದನ್ನೇ ನೇರವಾಗಿ ಕಲಿಸಬೇಕೆಂದು 2019ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಕೆನಡಾದ ಹೆಲೀನ್ ಪೊಲಾಟಾಯ್ಕೊ ಮತ್ತು ಏಂಜೆಲಾ ಮ್ಯಾಂಡಿಚ್ ರೂಪಿಸಿದ ವಿಧಾನವೊಂದರಲ್ಲಿ ನಾಲ್ಕು ಹೆಜ್ಜೆಗಳಿವೆ: ಗುರಿ ಇಟ್ಟುಕೊಳ್ಳುವುದು, ಉಪಾಯ ಹೂಡುವುದು, ಮಾಡಿ ನೋಡುವುದು, ಉಪಾಯ ಫಲಿಸಿತೇ ಎಂದು ಪರೀಕ್ಷಿಸುವುದು. ಇದರಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು, ಗುರಿಯನ್ನು ಆರಿಸಿಕೊಳ್ಳುವುದು ಮಗುವೇ ಎಂಬುದು. ತಂದೆತಾಯಿಗೆ ಕೈಬರಹ ಮುಖ್ಯವಾಗಿರಬಹುದು. ಮಗುವಿಗೆ ಸೈಕಲ್ ಬೇಕಾಗಿರಬಹುದು. ಆಗ ಸೈಕಲ್‌ನಿಂದಲೇ ಶುರುಮಾಡಬೇಕು. ತಮ್ಮನ ಥೆರಪಿಸ್ಟ್ ಮೊದಲ ದಿನ ಅವನನ್ನು ಕೇಳಿದ್ದು "ನಿಮಗೆ ಏನು ಬರುವುದಿಲ್ಲ" ಎಂದಲ್ಲ, "ನಿಮಗೆ ಏನು ಮಾಡಬೇಕೆನಿಸಿದೆ" ಎಂದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಅಂಗಿ" ಎಂದ. ಮೂವತ್ತು ವರ್ಷ ಜೊತೆಯಲ್ಲಿದ್ದ ನನಗೆ ಅದು ಗೊತ್ತಿರಲಿಲ್ಲ.

ನನ್ನ ತಪ್ಪನ್ನೂ ಇಲ್ಲಿ ಹೇಳಬೇಕು. ಶಾಲೆಗೆ ಹೊತ್ತಾಗುತ್ತದೆಂದು ಅವನ ಶೂ ಲೇಸನ್ನು ನಾನೇ ಕಟ್ಟಿಬಿಡುತ್ತಿದ್ದೆ, ಅವನ ಚೀಲವನ್ನು ನಾನೇ ತುಂಬುತ್ತಿದ್ದೆ. ಅದನ್ನು ಪ್ರೀತಿ ಎಂದುಕೊಂಡಿದ್ದೆ, ಪ್ರೀತಿಯೂ ಆಗಿತ್ತು. ಆದರೆ ಹತ್ತು ನಿಮಿಷ ಬೇಗ ಎದ್ದು, ಲೇಸಿನ ಎರಡು ತುದಿಗೂ ಬೇರೆ ಬೇರೆ ಬಣ್ಣ ಹಚ್ಚಿ, ಒಂದೊಂದೇ ಹಂತವನ್ನು ಬಾಯಲ್ಲಿ ಹೇಳಿಸುತ್ತ ಕಲಿಸುವುದು ಇನ್ನೊಂದು ಬಗೆಯ ಪ್ರೀತಿ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹಾಗೆಯೇ, ಲೇಸಿಲ್ಲದ ಶೂ ಕೊಡಿಸುವುದು ಸೋಲೊಪ್ಪಿಕೊಂಡಂತೆ ಎಂಬ ಮಾತನ್ನೂ ನಾನು ಈಗ ಒಪ್ಪುವುದಿಲ್ಲ. ಮಗುವಿನ ಶಕ್ತಿ ದಿನಕ್ಕೆ ಇಷ್ಟೇ ಎಂದಿರುವಾಗ ಅದನ್ನು ಎಲ್ಲಿ ಖರ್ಚುಮಾಡಬೇಕೆಂದು ಯೋಚಿಸುವುದರಲ್ಲಿ ತಪ್ಪೇನೂ ಇಲ್ಲ.

ಶಾಲೆಯಲ್ಲಿ ಬೇಕಾದ ಬದಲಾವಣೆಗಳು ದೊಡ್ಡವಲ್ಲ. ಬೋರ್ಡಿನಿಂದ ನಕಲು ಮಾಡಿಸುವ ಬದಲು ಮುದ್ರಿಸಿದ ಟಿಪ್ಪಣಿ ಕೊಡಬಹುದು. ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಬೇಗ ಕಲಿಸಬಹುದು. ಪರೀಕ್ಷೆಗೆ ಹೆಚ್ಚು ಸಮಯ ಕೊಡಬಹುದು. ವಿಜ್ಞಾನದ ಉತ್ತರಕ್ಕೆ ಅಕ್ಷರದ ಅಂದ ನೋಡಿ ಅಂಕ ಕಳೆಯದಿರಬಹುದು. ಆಟದ ಮೈದಾನದ ವಿಷಯ ಮಾತ್ರ ಸ್ವಲ್ಪ ಗಂಭೀರ. ತಂಡ ಕಟ್ಟುವಾಗ ಕೊನೆಗೆ ಉಳಿಯುವವನು ನಿಧಾನವಾಗಿ ಆಟವನ್ನೇ ಬಿಡುತ್ತಾನೆ, ಮೈಯ ಕಸುವು ಕಡಿಮೆಯಾಗುತ್ತದೆ, ತೂಕ ಏರುತ್ತದೆ, ಗೆಳೆಯರು ದೂರವಾಗುತ್ತಾರೆ. ಹಾರಿ ಬರುವ ಚೆಂಡಿಗೆ ಕ್ಷಣಾರ್ಧದಲ್ಲಿ ಸ್ಪಂದಿಸಬೇಕಾದ ಆಟಗಳಿಗಿಂತ ಈಜು, ಓಟ, ಬೆಟ್ಟ ಹತ್ತುವುದು ಮುಂತಾದ, ತನ್ನ ಲಯದಲ್ಲೇ ಮಾಡಬಹುದಾದ ಚಟುವಟಿಕೆಗಳು ಇಂಥ ಮಕ್ಕಳಿಗೆ ಹೆಚ್ಚು ಒಗ್ಗುತ್ತವೆ.

ತಂದೆತಾಯಂದಿರಿಗೆ ಒಂದು ಎಚ್ಚರಿಕೆಯ ಮಾತು. ಡಿಸ್‌ಪ್ರಾಕ್ಸಿಯಾ ಬೆಳವಣಿಗೆಯ ಮೊದಲ ವರ್ಷಗಳಿಂದಲೇ ಇರುವಂಥದ್ದು. ಚೆನ್ನಾಗಿ ನಡೆಯುತ್ತಿದ್ದ, ಬರೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಆ ಕೌಶಲಗಳನ್ನು ಕಳೆದುಕೊಳ್ಳುತ್ತಿದ್ದರೆ ಅದು ಬೇರೆಯೇ ಸಮಸ್ಯೆ. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಇನ್ನು, ಐದು ವರ್ಷ ತುಂಬುವ ಮೊದಲು ಇದನ್ನು ಖಚಿತವಾಗಿ ಗುರುತಿಸುವುದು ಸಾಮಾನ್ಯವಾಗಿ ಕಷ್ಟ. ಆದರೆ ಸಹಾಯ ಮಾಡುವುದಕ್ಕೆ ಆ ಹೆಸರು ಸಿಗುವವರೆಗೆ ಕಾಯಬೇಕಾಗಿಲ್ಲ.

ದೊಡ್ಡವರಾಗುತ್ತಿದ್ದಂತೆ ಸರಿಹೋಗುತ್ತದೆ ಎಂಬ ಮಾತನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಶೇಕಡಾ 50ರಿಂದ 70ರಷ್ಟು ಮಕ್ಕಳಲ್ಲಿ ಈ ತೊಂದರೆ ಹದಿಹರೆಯದಲ್ಲೂ ಮುಂದುವರಿಯುತ್ತದೆ. ಅನೇಕರಿಗೆ ಅದರ ನಂತರವೂ. ರೂಪ ಮಾತ್ರ ಬದಲಾಗುತ್ತದೆ. ಕಾರು ಓಡಿಸುವಾಗ ಗೇರು, ಕನ್ನಡಿ, ರಸ್ತೆ ಮೂರನ್ನೂ ಒಟ್ಟಿಗೆ ನಿಭಾಯಿಸಲಾಗುವುದಿಲ್ಲ. ಸಭೆಯಲ್ಲಿ ಕೇಳುತ್ತ ಬರೆದುಕೊಳ್ಳಲಾಗುವುದಿಲ್ಲ. ಬಾಯಲ್ಲಿ ಹೇಳಿದ ಐದು ಕೆಲಸಗಳಲ್ಲಿ ಮೂರು ಜಾರಿಹೋಗುತ್ತವೆ. ಸಂಜೆಯ ಹೊತ್ತಿಗೆ ವಿಪರೀತ ದಣಿವು, ಅದರ ಜೊತೆಗೆ ಎಲ್ಲಿ ಏನು ಬೀಳಿಸುತ್ತೇನೋ ಎಂಬ ಆತಂಕ. ಮಕ್ಕಳಿಗಾದರೆ ಥೆರಪಿಸ್ಟ್ ಸಿಗಬಹುದು. ವಯಸ್ಕರು ಇದಕ್ಕೆ ಸಹಾಯ ಕೇಳಿಕೊಂಡು ಹೋದರೆ ಎದುರಿಗಿರುವವರಿಗೇ ಅಚ್ಚರಿಯಾಗುತ್ತದೆ. ಇದು ಬದಲಾಗಲೇಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಪ್ರತಿಯೊಬ್ಬರನ್ನೂ, ಯಾವ ಕಾಯಿಲೆಯ ಹೆಸರನ್ನೂ ಕೇಳದೆ, "ಸೂಚನೆಗಳನ್ನು ಹೇಗೆ ಕೊಟ್ಟರೆ ನಿಮಗೆ ಅನುಕೂಲ" ಎಂದು ವಿಚಾರಿಸುವ ಪದ್ಧತಿ ಇದ್ದರೆ, ತನ್ನ ಕೊರತೆಯನ್ನು ತಾನೇ ಬಾಯಿಬಿಟ್ಟು ಹೇಳಿಕೊಳ್ಳುವ ಸಂಕಟ ಎಷ್ಟೋ ಜನರಿಗೆ ತಪ್ಪುತ್ತದೆ.

ತಮ್ಮ ಕಳೆದ ವರ್ಷ ತನ್ನ ಮೇಲಧಿಕಾರಿಗೆ ಎರಡು ಸಾಲಿನ ಒಂದು ಇಮೇಲ್ ಬರೆದ: ಕೆಲಸಗಳನ್ನು ಬರಹದಲ್ಲಿ, ಒಂದಾದ ಮೇಲೊಂದರಂತೆ ಕೊಟ್ಟರೆ ಚೆನ್ನಾಗಿ ಮಾಡಬಲ್ಲೆ ಎಂದು. "ಆಗಲಿ, ನಾಳೆಯಿಂದಲೇ" ಎಂಬ ಉತ್ತರ ಅದೇ ಮಧ್ಯಾಹ್ನ ಬಂತು. ಆ ಎರಡು ಸಾಲು ಬರೆಯುವ ಧೈರ್ಯ ಮಾಡಲು ಅವನು ಅದೇ ಕಚೇರಿಯಲ್ಲಿ ಎಂಟು ವರ್ಷ ಕಳೆದಿದ್ದ.