ಬಿರುಕು ಮೊದಲು ತೋರಿಸುವವರು

“ಮೊದಲು ಈ ಬಿರುಕು ನೋಡಿ” ಎಂದರು ಆ ಹಿರಿಯರು. ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಅವರ ಮನೆಯ ಅಡುಗೆಮನೆ. ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಮಾರಲಿಟ್ಟಿದ್ದ ಬ್ಯಾಗ್‌ಪೈಪ್ ವಾದ್ಯವನ್ನು ಬಿಚ್ಚಿ ಒಂದೊಂದೇ ತುಂಡನ್ನು ಸಾಲಾಗಿ ಇಟ್ಟಿದ್ದರು. ನಾನಿನ್ನೂ ಕೋಟು ತೆಗೆದಿರಲಿಲ್ಲ. ಅವರು ಡ್ರೋನ್ ಎಂಬ ಶ್ರುತಿ ಕೊಳವೆಗಳಲ್ಲಿ ದೊಡ್ಡದರ ಬುಡವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೂದಲೆಳೆಯಂಥ ಗೆರೆಯ ಮೇಲೆ ಉಗುರು ಓಡಿಸಿದರು. “ಮೂವತ್ತು ವರ್ಷದ ಹಿಂದೆ ಅಂಟು ಹಾಕಿ, ದಾರ ಬಿಗಿದು ಕೂಡಿಸಿದ್ದು. ಗಾಳಿ ಸೋರುವುದಿಲ್ಲ. ಆದರೂ ನಿಮಗೆ ಗೊತ್ತಿರಲಿ.”

ನನಗೆ ಗಲಿಬಿಲಿಯಾಯಿತು. ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಎಮ್ಮೆ ಮಾರುವವನು ಹಾಲಿನ ಮಾತಾಡುತ್ತಾನೆಯೇ ಹೊರತು ಒದೆಯುವ ಮಾತನ್ನು ಎತ್ತುವುದಿಲ್ಲ. ಅದನ್ನು ಕಂಡುಹಿಡಿಯುವುದು ಕೊಳ್ಳುವವನ ಹಣೆಬರಹ. ಇಲ್ಲಿ ಮುದುಕರು ಒದೆಯುವ ಕಾಲನ್ನೇ ಮೊದಲು ಎತ್ತಿ ತೋರಿಸುತ್ತಿದ್ದರು.

ಗ್ಲಾಸ್ಗೋಗೆ ಬಂದು ಹನ್ನೊಂದು ವರ್ಷವಾಯಿತು. ಮಗಳು ಶಾಲೆಯ ಪೈಪ್ ಬ್ಯಾಂಡಿಗೆ ಸೇರಿದಳು, ಅವಳನ್ನು ಕರೆತರಲು ಹೋದ ನಾನು ಬಾಗಿಲಲ್ಲಿ ನಿಂತು ಕೇಳುತ್ತಾ ಕೇಳುತ್ತಾ ಸಿಕ್ಕಿಕೊಂಡೆ. ಮೊದಲ ವರ್ಷವೆಲ್ಲ ಚಾಂಟರ್ ಎಂಬ, ಚೀಲವಿಲ್ಲದ ಅಭ್ಯಾಸದ ಕೊಳವೆ. ಆಮೇಲೆ ನಿಜವಾದ ಪೈಪು ಬೇಕೆನಿಸಿತು. ಆಗ ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದೇ. ಹಳೆಯ ಸಾಮಾನಿನ ಅಂಗಡಿಯೊಂದರ ಗೋಡೆಯಲ್ಲಿ ತೂಗುತ್ತಿದ್ದುದನ್ನು ‘ಪುರಾತನ’ ಎಂಬ ಚೀಟಿ ನಂಬಿ ಕೊಂಡೆ. ಸಾಧಾರಣ ಹೊಸ ಪೈಪಿಗೇ ಸಾವಿರ ಪೌಂಡಿನ ಆಸುಪಾಸು ಬೇಕಿರುವಾಗ ಇದು ನೂರಿಪ್ಪತ್ತಕ್ಕೆ ಸಿಕ್ಕಿತೆಂದು ಹಿಗ್ಗಿದ್ದೆ. ಬ್ಯಾಂಡಿನ ಮುಖ್ಯಸ್ಥರು ಕೈಯಲ್ಲಿ ತೂಗಿ ನೋಡಿ, “ಗೋಡೆಗೆ ಚೆನ್ನಾಗಿರುತ್ತದೆ” ಎಂದರು. ಅದು ಶೀಶಮ್ ಮರದ್ದು, ಪ್ರವಾಸಿಗರಿಗೆಂದು ರಾಶಿಗಟ್ಟಲೆ ಮಾಡಿದ್ದು. ಪಾಕಿಸ್ತಾನದ ಸಿಯಾಲ್‌ಕೋಟಿನಿಂದ ಇಂಥ ಪೈಪುಗಳು ಜಗತ್ತಿಗೆಲ್ಲ ಹೋಗುತ್ತವೆ. ಅಲ್ಲಿನ ಕುಶಲಕರ್ಮಿಗಳನ್ನು ದೂರಲು ನನಗೆ ಮನಸ್ಸಿಲ್ಲ. ಒಳ್ಳೆಯ ಬೆಲೆ ಕೊಟ್ಟರೆ ಒಳ್ಳೆಯದನ್ನೂ ಮಾಡಿಕೊಡುತ್ತಾರೆ. ನನ್ನದು ಮಾತ್ರ ಮೊದಲ ಚಳಿಗಾಲಕ್ಕೇ ಹೀಟರಿನ ಬಿಸಿಗೆ ಉದ್ದಕ್ಕೂ ಸೀಳಿತು.

ಈ ವಾದ್ಯ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಹೆಗಲ ಮೇಲೆ ಒರಗುವ ಮೂರು ಕೊಳವೆಗಳು ಡ್ರೋನ್‌ಗಳು. ಎರಡು ಟೆನರ್, ಒಂದು ಬೇಸ್. ನಮ್ಮ ತಂಬೂರಿಯ ಕೆಲಸ ಅವುಗಳದ್ದು, ಬರಿಯ ಶ್ರುತಿ. ಬೆರಳಾಡುವ ಕೊಳವೆ ಚಾಂಟರ್, ಅದರಲ್ಲಿ ಒಂಬತ್ತೇ ಸ್ವರ. ಕಂಕುಳಡಿಯ ಚೀಲ ಕಮ್ಮಾರನ ತಿದಿಯಂತೆ ಗಾಳಿಯನ್ನು ಎಡೆಬಿಡದೆ ಒದಗಿಸುತ್ತದೆ. ಹಾವಾಡಿಗನ ಪುಂಗಿ ನೋಡಿದವರಿಗೆ ಇದರ ಗುಟ್ಟು ಅರ್ಧ ತಿಳಿದಂತೆಯೇ.

ಸ್ವಾರಸ್ಯವಿರುವುದು ಹಳೆಯದರ ಬೆಲೆ ಕಟ್ಟುವುದರಲ್ಲಿ. ನೂರು ವರ್ಷದ ಹಿಂದೆ ಚಾಂಟರಿನ ಶ್ರುತಿ ಇಂದಿನದಕ್ಕಿಂತ ಸಾಕಷ್ಟು ತಗ್ಗಿತ್ತು. ಏರುತ್ತಾ ಏರುತ್ತಾ ಇಂದಿನ ಬ್ಯಾಂಡುಗಳು 480 ಹರ್ಟ್ಸ್ ಹತ್ತಿರ ನುಡಿಸುತ್ತವೆ. ಹಾಗಾಗಿ ಅಜ್ಜನ ಚಾಂಟರನ್ನು ಮೊಮ್ಮಗ ಬ್ಯಾಂಡಿನಲ್ಲಿ ಊದುವಂತಿಲ್ಲ. ಡ್ರೋನ್‌ಗಳಿಗೆ ಆ ತಾಪತ್ರಯವಿಲ್ಲ. ಜಾರುವ ಕೀಲನ್ನು ತುಸು ಮೇಲೆ ಕೆಳಗೆ ಸರಿಸಿದರೆ ಹೊಸ ಶ್ರುತಿಗೆ ಕೂಡಿಕೊಳ್ಳುತ್ತವೆ. ಹಾಗಾಗಿ ಹಳೆಯ ಪೈಪನ್ನು ಕೊಳ್ಳುವವನು ನಿಜಕ್ಕೂ ಕೊಳ್ಳುವುದು ಡ್ರೋನ್‌ಗಳನ್ನು. ಫಜೀತಿಯೆಂದರೆ, ಹಿಂದಿನ ತಯಾರಕರಲ್ಲಿ ಬಹಳ ಮಂದಿ ತಮ್ಮ ಹೆಸರಿನ ಮುದ್ರೆ ಒತ್ತುತ್ತಿದ್ದುದು ಚಾಂಟರಿನ ಮೇಲೆ. ಅದು ಎಂದೋ ಕಳೆದುಹೋಗಿರುತ್ತದೆ, ಅಥವಾ ಯಾವುದೋ ಅನಾಮಧೇಯ ಪೈಪಿಗೆ ಹೆಸರಾಂತ ಚಾಂಟರು ಸೇರಿಕೊಂಡಿರುತ್ತದೆ.

ಗ್ಲಾಸ್ಗೋದ ಪೀಟರ್ ಹೆಂಡರ್ಸನ್, ಆರ್. ಜಿ. ಲಾರಿ, ಎಡಿನ್‌ಬರೋದ ಗ್ಲೆನ್ ಮನೆತನದವರು, ಅಬರ್‌ಫೆಲ್ಡಿಯ ಡಂಕನ್ ಮ್ಯಾಕ್‌ಡೂಗಲ್ ಇವೆಲ್ಲ ಇಲ್ಲಿ ಭಕ್ತಿಯಿಂದ ಉಚ್ಚರಿಸುವ ಹೆಸರುಗಳು. ಮುದ್ರೆಯಿಲ್ಲದ ಡ್ರೋನ್ ಇವರಲ್ಲಿ ಯಾರದ್ದೆಂದು ಹೇಳಬೇಕಾದರೆ ಕಡೆತದ ಆಕಾರ, ಉಂಗುರದಂಥ ಗೆರೆಗಳ ಸಾಲು, ಗಂಟೆಯಾಕಾರದ ತುದಿಯ ಒಳಮೈ, ಕೊಳವೆಯ ಒಳವ್ಯಾಸ ಇಷ್ಟನ್ನು ನೋಡಿ ಊಹಿಸಬೇಕು. ನಮ್ಮಲ್ಲಿ ಕಂಬದ ಕೆತ್ತನೆ ನೋಡಿ ಹೊಯ್ಸಳರದ್ದೋ ಕೆಳದಿಯವರದ್ದೋ ಎನ್ನುವ ಹಾಗೆ. ಬಲ್ಲವರು ಮೂವರು ಸೇರಿದರೆ ಅಭಿಪ್ರಾಯ ನಾಲ್ಕಾಗುವುದೂ ಹಾಗೆಯೇ.

ಬೆಳ್ಳಿಯ ಪಟ್ಟಿಯಿದ್ದರೆ ಸುಲಭ. ಮೂರು ಗೋಪುರದ ಕೋಟೆಯ ಮುದ್ರೆ ಎಡಿನ್‌ಬರೋದ್ದು; ಮರ, ಹಕ್ಕಿ, ಗಂಟೆ, ಮೀನು ಸೇರಿದ್ದು ಗ್ಲಾಸ್ಗೋದ್ದು. ಗ್ಲಾಸ್ಗೋದ ಬೆಳ್ಳಿ ಪರೀಕ್ಷಿಸುವ ಕಚೇರಿ 1964ರಲ್ಲಿ ಮುಚ್ಚಿದ್ದರಿಂದ ಆ ಮೀನು ಕಂಡರೆ ಪಟ್ಟಿ ಅದಕ್ಕಿಂತ ಹಳೆಯದೆಂದೇ ಲೆಕ್ಕ. ಪಕ್ಕದ ಅಕ್ಷರ ವರ್ಷವನ್ನೂ ಹೇಳುತ್ತದೆ. ಆದರೆ ಬೆಳ್ಳಿಯ ವಯಸ್ಸೇ ಮರದ ವಯಸ್ಸಾಗಬೇಕೆಂದಿಲ್ಲ. ಕೈಯಲ್ಲಿ ಕಾಸು ಓಡಾಡಿದಾಗ ಹಳೆಯ ಮರಕ್ಕೆ ಹೊಸ ಬೆಳ್ಳಿ ಹೊದಿಸಿದವರು ಎಷ್ಟೋ ಮಂದಿ.

ಪೇಸ್ಲಿಯ ಪೈಪಿಗೆ ಬೆಳ್ಳಿಯಿರಲಿಲ್ಲ, ದಂತವಿತ್ತು. ಹಿರಿಯರು ಭೂತಗನ್ನಡಿ ಕೊಟ್ಟರು. ಉಂಗುರದ ಅಡ್ಡಕೊಯ್ತದ ಮುಖದಲ್ಲಿ, ಜೇನು ಬಣ್ಣಕ್ಕೆ ತಿರುಗಿದ ಬಿಳುಪಿನೊಳಗೆ, ಎರಡು ದಿಕ್ಕಿನ ಬಿಲ್ಲುಗೆರೆಗಳು ಒಂದನ್ನೊಂದು ದಾಟಿ ಜಾಲ ಹೆಣೆದಿದ್ದವು. ಮೂಳೆಯಾಗಿದ್ದರೆ ಸಣ್ಣ ಕಪ್ಪು ಚುಕ್ಕಿಗಳು ಕಾಣುತ್ತಿದ್ದವು, ಪ್ಲಾಸ್ಟಿಕ್ ಆಗಿದ್ದರೆ ಈ ಜಾಲವೇ ಇರುತ್ತಿರಲಿಲ್ಲ. ನೋಡುತ್ತಾ ನೋಡುತ್ತಾ ನನಗೆ ಸಕ್ರೆಬೈಲಿನ ಆನೆ ಬಿಡಾರದ ನೆನಪಾಗಿ ಕನ್ನಡಿ ಕೆಳಗಿಟ್ಟೆ. ಅವರು ಟವೆಲಿನಡಿಯಿಂದ ಕಾಗದವೊಂದನ್ನು ಎಳೆದರು. ಬ್ರಿಟನ್ನಿನ 2018ರ ದಂತ ಕಾಯ್ದೆ 2022ರ ಜೂನ್ 6ರಿಂದ ಜಾರಿಯಲ್ಲಿದೆ. 1975ಕ್ಕಿಂತ ಮೊದಲು ಮಾಡಿದ, ಗಾತ್ರದಲ್ಲಿ ಶೇಕಡ 20ಕ್ಕಿಂತ ಕಡಿಮೆ ದಂತವಿರುವ ಸಂಗೀತ ವಾದ್ಯವನ್ನು ಮಾರಬಹುದು, ಆದರೆ ಮೊದಲು ನೋಂದಾಯಿಸಬೇಕು. ಶುಲ್ಕ 20 ಪೌಂಡ್. ನಾಳೆ ನಾನು ಮಾರಬೇಕೆಂದರೂ ನನ್ನ ಹೆಸರಿನಲ್ಲಿ ಮತ್ತೆ ನೋಂದಣಿ. ಗಡಿ ದಾಟಿಸುವುದಾದರೆ ಅದರ ಕಾಗದಗಳೇ ಬೇರೆ. 2014ರಲ್ಲಿ ಕೆನಡಾದಿಂದ ಅಮೆರಿಕಕ್ಕೆ ಮರಳುತ್ತಿದ್ದ ಇಬ್ಬರು ಹುಡುಗರ ಪೈಪುಗಳನ್ನು ಗಡಿಯಲ್ಲಿ ವಶಪಡಿಸಿಕೊಂಡ ಕಥೆಯನ್ನು ಇಲ್ಲಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಊರಿನ ಮದುವೆಯಲ್ಲಿ ಊದಿ ಮೆರೆಯುವ ನನ್ನ ಆಸೆಗೆ ಅಲ್ಲಿಗೇ ತೆರೆ ಬಿತ್ತು.

ಕೊನೆಗೆ ಕೇಳಿದೆ, ಯಾಕೆ ಮಾರುತ್ತಿದ್ದೀರಿ ಎಂದು. ನಮ್ಮೂರಲ್ಲಾದರೆ ಕೇಳಬಾರದ ಪ್ರಶ್ನೆ. “ಶ್ವಾಸಕೋಶ ಸಾಲದು. ಮಗನಿಗೆ ಗಿಟಾರ್ ಇಷ್ಟ. ಊದದೆ ಇಟ್ಟರೆ ಮರ ಒಣಗಿ ಇನ್ನೊಂದು ಬಿರುಕು ಬಿಡುತ್ತದೆ” ಎಂದರು. ಮೂರೇ ವಾಕ್ಯ. ಕಣ್ಣೀರಿಲ್ಲ, ಸಂಕೋಚವೂ ಇಲ್ಲ.

ನಾನು ಈ ಬರಹಕ್ಕೆ ಕೂತದ್ದೇ ಆ ಮೂರು ವಾಕ್ಯದ ದೆಸೆಯಿಂದ. ನಮ್ಮ ಮನೆಯ ಅಟ್ಟದ ಮೇಲೆ ಒಂದು ವೀಣೆಯಿದೆ. ಹಲಸಿನ ಮರದ್ದು, ಅಜ್ಜಿ ನುಡಿಸುತ್ತಿದ್ದುದು. ಅಜ್ಜಿ ಹೋದ ಮೇಲೆ ಯಾರೂ ಮುಟ್ಟಿಲ್ಲ. ಹತ್ತು ವರ್ಷದ ಹಿಂದೆ ಊರಿನ ಸಂಗೀತದ ಮೇಷ್ಟರು ತಮ್ಮ ಶಿಷ್ಯೆಯೊಬ್ಬಳಿಗೆ ಅದನ್ನು ಕೊಳ್ಳುತ್ತೇವೆಂದು ಕೇಳಿದಾಗ ದೊಡ್ಡಮ್ಮ ಕಿವಿ ಮುಚ್ಚಿಕೊಂಡರು. “ಸರಸ್ವತಿಯನ್ನು ಮಾರಿ ಬಂದ ದುಡ್ಡಲ್ಲಿ ಉಣ್ಣುವ ಗತಿ ನಮಗೆ ಬಂದಿಲ್ಲ ಕಣೋ” ಎಂದರು. ಸರಿ, ದುಡ್ಡು ಬೇಡ, ಸುಮ್ಮನೆ ಕೊಡೋಣವೆಂದರೆ ಅದಕ್ಕೂ ಮನಸ್ಸು ಬರಲಿಲ್ಲ. ಮನೆಯ ಲಕ್ಷಣ ಹೊರಗೆ ಹೋಗುತ್ತದಂತೆ. ಆಯುಧಪೂಜೆಗೆ ಇಳಿಸಿ ಕುಂಕುಮವಿಟ್ಟು ಮತ್ತೆ ಮೇಲೇರಿಸುತ್ತಾರೆ. ಮಲೆನಾಡಿನ ಮಳೆ, ಒಲೆಯ ಹೊಗೆ, ಒರಲೆ. ಭಕ್ತಿಯಿಂದ ಕೊಲ್ಲುವುದು ಎಂದರೆ ದೊಡ್ಡಮ್ಮನಿಗೆ ನೋವಾಗುತ್ತದೆ, ಆದರೆ ನನಗೆ ಬೇರೆ ಮಾತು ಹೊಳೆಯುತ್ತಿಲ್ಲ.

ನಮ್ಮಲ್ಲಿ ಹಳೆಯದಕ್ಕೆ ಬೆಲೆ ಗೊತ್ತಿಲ್ಲವೆಂದು ಹೇಳಲಾರೆ. ತಮಿಳುನಾಡಿನ ನರಸಿಂಗಂಪೇಟೆಯಲ್ಲಿ ನಾಗಸ್ವರ ಕಡೆಯುವವರು ಕೆಡವಿದ ಹಳೆಯ ಮನೆಗಳ ಆಚ್ಚಾ ಮರದ ತೊಲೆಗಳನ್ನೇ ಹುಡುಕಿ ತರುತ್ತಾರೆ. ದಶಕಗಟ್ಟಲೆ ಒಣಗಿದ ಮರಕ್ಕೇ ಆ ನಾದ. ಮರ ಹಳೆಯದಾದಷ್ಟೂ ಒಳ್ಳೆಯದೆಂದು ಒಪ್ಪುವ ನಾವು, ಆ ಮರದ ವಾದ್ಯ ಕೈಯಿಂದ ಕೈಗೆ ದಾಟಬೇಕೆಂದರೆ ಮಾತ್ರ ಹಿಂಜರಿಯುತ್ತೇವೆ. ಮಾರಿದರೆ ಬಡತನದ ಗುರುತು, ಕೊಂಡರೆ ಇನ್ನೊಬ್ಬರ ಎಂಜಲು.

ಸ್ಕಾಟ್ಲೆಂಡಿನವರ ರೀತಿಯೆಲ್ಲ ನನಗೆ ಒಪ್ಪಿಗೆಯೆಂದಲ್ಲ. ಹೆಸರಿನ ಹುಚ್ಚು ಇವರಿಗೆ ಅತಿ. ನಾದ ಒಂದೇ ಆದರೂ ‘ಹೆಂಡರ್ಸನ್ ಇರಬಹುದು’ ಎಂಬ ಒಂದು ಮಾತಿಗೆ ಬೆಲೆ ಎರಡು ಪಟ್ಟಾಗುತ್ತದೆ. ಒಮ್ಮೆ ಹರಾಜೊಂದರಲ್ಲಿ ಕೂತು ನೋಡಿದೆ. ನೂರು ವರ್ಷ ದಾಟಿದ ಪೈಪನ್ನು ಕೊಂಡವನು ಅದನ್ನು ಊದುವವನಾಗಿರಲಿಲ್ಲ, ಗಾಜಿನ ಕಪಾಟಿಗೆ ಒಯ್ಯುವವನು. ಅಟ್ಟವಾದರೇನು, ಗಾಜಿನ ಕಪಾಟಾದರೇನು! ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕಾಲುಭಾಗದಷ್ಟು ಕಮಿಷನ್ ಬೇರೆ ಸೇರಿತು. ಒಳ್ಳೆಯ ಪೈಪು ಬೇಕಾದವರು ಹರಾಜಿಗೆ ಹೋಗದೆ ಬ್ಯಾಂಡಿನ ಮುಖ್ಯಸ್ಥರ ಕಿವಿಗೆ ಒಂದು ಮಾತು ಹಾಕಿ ಕಾಯುವುದು ಲೇಸು. ಯಾರಿಗೆ ಉಸಿರು ಸಾಲದಾಯಿತು, ಯಾರ ಹೆಂಡತಿ ಗಂಡನ ಪೆಟ್ಟಿಗೆ ತೆರೆದರು ಎಂಬ ಸುದ್ದಿ ಮೊದಲು ಮುಟ್ಟುವುದು ಅವರಿಗೆ. ಪೇಸ್ಲಿಯ ವಿಳಾಸ ನನಗೆ ಸಿಕ್ಕಿದ್ದೂ ಹಾಗೆಯೇ.

ಬೆಲೆಯಲ್ಲಿ ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಬಿರುಕನ್ನು ಅವರೇ ತೋರಿಸಿಬಿಟ್ಟ ಮೇಲೆ ನಾನು ಹಿಡಿದು ಜಗ್ಗಲು ಏನೂ ಉಳಿದಿರಲಿಲ್ಲ. ಅದೊಂದು ಜಾಣತನವೂ ಇದ್ದೀತು. ಹೊರಡುವಾಗ ಅವರು ಹಳದಿ ಮೇಣ ಹಚ್ಚಿದ ಸೆಣಬಿನ ದಾರದ ಉಂಡೆಯೊಂದನ್ನು ಜೇಬಿಗೆ ತುರುಕಿ, ಕೀಲು ಸಡಿಲವಾದರೆ ಸುತ್ತಿಕೊಳ್ಳಲು ಹೇಳಿದರು.

ಆ ವಾರವೇ ಊರಿಗೆ ಫೋನ್ ಮಾಡಿ, ವೀಣೆಯ ಪಟ ಕಳಿಸೆಂದು ದೊಡ್ಡಮ್ಮನ ಮಗನಿಗೆ ಹೇಳಿದೆ. ಬಿರುಕು, ಒರಲೆ ಹಿಡಿದ ಜಾಗ, ಸಡಿಲಾದ ಮೆಟ್ಟಿಲು ಎಲ್ಲ ಕಾಣುವಂತಿರಲಿ ಎಂದೆ. ಬಂದದ್ದು ಹೋದ ವರ್ಷದ ಆಯುಧಪೂಜೆಯ ಪಟ. ಕುಂಕುಮ, ಸೇವಂತಿಗೆ ಮಾಲೆ, ಮುಂದೆ ಬಾಳೆಹಣ್ಣು. ವೀಣೆಯ ಮೈ ಅಂಗೈಯಗಲವೂ ಕಾಣುತ್ತಿಲ್ಲ. “ಹೂವು ತೆಗೆದು, ಮಗುಚಿ ಹಾಕಿ ಇನ್ನೊಂದು ತೆಗೆಯಪ್ಪಾ” ಎಂದು ಬರೆದೆ. ನೋಡಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.