ಹೇಳುವವನನ್ನು ನಂಬಬೇಡ ಎಂದು ಮೊದಲೇ ಹೇಳಿಬಿಡುವವರು

ನಿನ್ನೆ ಸಂಜೆ ಪುಸ್ತಕದಂಗಡಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿಯನ್ನು ಕೈಗೆತ್ತಿಕೊಂಡಿದ್ದಳು. ಜೊತೆಗಿದ್ದ ಹುಡುಗ, ‘ತಗೋ, ಸಖತ್ತಾಗಿದೆ, ಅನ್‌ರಿಲಯಬಲ್ ನರೇಟರ್ ಇರೋದು’ ಎಂದುಬಿಟ್ಟ. ಅಂದರೆ, ಕತೆ ಹೇಳುವವನನ್ನೇ ನಂಬುವಂತಿಲ್ಲ ಎಂದು. ಅವಳಿನ್ನೂ ಮೊದಲ ಪುಟವನ್ನೂ ತೆರೆದಿರಲಿಲ್ಲ. ಪತ್ತೇದಾರಿ ಕಾದಂಬರಿಗಳ ವಿಷಯದಲ್ಲಿ ನನ್ನ ಮೂಗಿನ ತುದಿಯ ಸಿಟ್ಟು ನಿಮಗೆಲ್ಲ ಗೊತ್ತಿರುವುದೇ. ಅಲ್ಲಿ ಬಾಯಿ ಮುಚ್ಚಿಕೊಂಡು ಬಂದವನು ಇಲ್ಲಿ ಬರೆಯುತ್ತಿದ್ದೇನೆ. ಕಾದಂಬರಿಯನ್ನು ಓದದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

1926ರ ಕಾದಂಬರಿ ಇದು. ಕಿಂಗ್ಸ್ ಅಬಟ್ ಎಂಬ ಇಂಗ್ಲೆಂಡಿನ ಪುಟ್ಟ ಹಳ್ಳಿ. ಕತೆ ಹೇಳುವವನು ಊರಿನ ಡಾಕ್ಟರು. ಹೊಸ್ತಿಲು ದಾಟದೆಯೇ ಊರಿನ ಸುದ್ದಿಯನ್ನೆಲ್ಲ ಕಲೆಹಾಕುವ ಅಕ್ಕ ಕ್ಯಾರೊಲಿನ್ ಅವನ ಮನೆಯಲ್ಲಿದ್ದಾಳೆ. ಪಕ್ಕದ ಮನೆಯಲ್ಲಿ ನಿವೃತ್ತನಾಗಿ ತರಕಾರಿ ಬೆಳೆಯುತ್ತಿರುವ ಪತ್ತೇದಾರ ಪಾಯ್ರೋ ಸಿಟ್ಟಿನಿಂದ ಎಸೆದ ಕಾಯಿ ಗೋಡೆ ದಾಟಿ ಈ ಡಾಕ್ಟರನ ಕಾಲ ಬಳಿಯೇ ಬಂದು ಬೀಳುತ್ತದೆ. ಊರಿನವರ ನಾಡಿ ಹಿಡಿದು ಔಷಧ ಕೊಡುವ, ಅಕ್ಕನ ಬಾಯಿಗೆ ಹೆದರುವ ಇಂಥವನನ್ನು ಯಾರಾದರೂ ಶಂಕಿಸಿಯಾರೇ?

ಆಮೇಲೆ ಆ ಹತ್ತು ನಿಮಿಷ. ಆಕ್ರಾಯ್ಡನ ಕೈಗೆ ಪತ್ರ ಬಂದದ್ದು 8.40ಕ್ಕೆ, ತಾನು ಕೋಣೆಯಿಂದ ಹೊರಟದ್ದು 8.50ಕ್ಕೆ, ಪತ್ರವನ್ನು ಅವನಿನ್ನೂ ಓದಿರಲಿಲ್ಲ ಎಂದು ಡಾಕ್ಟರು ಬರೆಯುತ್ತಾನೆ. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು, ಮಾಡಬೇಕಾದದ್ದೇನಾದರೂ ಉಳಿಯಿತೇ ಎಂದು ಹಿಂತಿರುಗಿ ನೋಡಿದೆ ಎಂದೂ ಬರೆಯುತ್ತಾನೆ. ಇದರಲ್ಲಿ ಒಂದೇ ಒಂದು ಸುಳ್ಳಿಲ್ಲ. ಆ ಹತ್ತು ನಿಮಿಷದಲ್ಲಿ ಆಕ್ರಾಯ್ಡನನ್ನು ಕೊಂದವನು ತಾನೇ ಎಂಬುದನ್ನು ಮಾತ್ರ ಅಲ್ಲಿ ಬರೆಯುವುದಿಲ್ಲ. ಪಿಯುಸಿಯಲ್ಲಿದ್ದಾಗ ರಾತ್ರಿ ಕಾದಂಬರಿಯನ್ನು ಮುಗಿಸಿ ಆ ಪುಟಕ್ಕೆ ಮರಳಿದಾಗ ನನಗೆ ಮೈ ಜುಮ್ಮೆಂದಿತ್ತು. ‘ನರೇಟರ್ ಸರಿಯಿಲ್ಲ’ ಎಂದು ಕೇಳಿಸಿಕೊಂಡು ಹೊರಟವರು ಅದೇ ಪುಟಕ್ಕೆ ಟಾರ್ಚ್ ಹಿಡಿದುಕೊಂಡೇ ಬರುತ್ತಾರೆ.

‘ಅನ್‌ರಿಲಯಬಲ್ ನರೇಟರ್’ ಎಂಬುದು ವಿಮರ್ಶೆಯ ಪರಿಭಾಷೆ, ತಪ್ಪೇನು ಎಂದು ಕೇಳುವ ಮೇಷ್ಟರುಗಳು ನಮ್ಮಲ್ಲಿದ್ದಾರೆ. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ ಆ ಪದವನ್ನು ಬಳಕೆಗೆ ತಂದದ್ದು 1961ರಲ್ಲಿ, ಅದೂ ಓದಿ ಮುಗಿಸಿದ ಕೃತಿಗಳ ಚರ್ಚೆಗೆ. ಅದನ್ನೀಗ ಹಪ್ಪಳದ ಪೊಟ್ಟಣದ ಮೇಲಿನ ‘ಖಾರ’ ಎಂಬ ಚೀಟಿಯಂತೆ ಪ್ರತಿ ಥ್ರಿಲ್ಲರಿನ ರಕ್ಷಾಪುಟಕ್ಕೂ ಅಂಟಿಸುತ್ತಾರೆ. ಈ ಕಾದಂಬರಿ ಬಂದು ಮೂರು ವರ್ಷವಾದ ಮೇಲೂ, 1929ರಲ್ಲಿ, ಪತ್ತೇದಾರಿ ಕತೆಗಳಿಗೆ ಹತ್ತು ನಿಯಮಗಳನ್ನು ಬರೆದ ರೊನಾಲ್ಡ್ ನಾಕ್ಸ್, ಪತ್ತೇದಾರನ ಜೊತೆಗಾರ (ಸಾಮಾನ್ಯವಾಗಿ ಕತೆ ಹೇಳುವವನು ಇವನೇ) ತನ್ನ ಮನಸ್ಸಿನಲ್ಲಿರುವುದನ್ನು ಓದುಗರಿಂದ ಬಚ್ಚಿಡಕೂಡದು ಎಂದೇ ವಿಧಿಸಿದ. ಕತೆ ಹೇಳುವವನ ಮೇಲಿದ್ದ ಆ ನಂಬಿಕೆಯೇ ಕ್ರಿಸ್ಟಿಯ ಬಂಡವಾಳ. ಅದನ್ನು ಅಂಗಡಿಯಲ್ಲೇ ಕಿತ್ತುಕೊಂಡರೆ ಉಳಿಯುವುದು ಬರೀ ಒಂದು ಹೆಣ, ಒಂದು ಚೂರಿ.

ಇಷ್ಟು ಹಾರಾಡುವ ನಾನು ಮಾಡಿದ್ದೇನು ಗೊತ್ತೇ? ಇದೇ ಪುಸ್ತಕವನ್ನು ತಂಗಿಗೆ ಕೊಡುವಾಗ ಜಾಣತನ ತಡೆಯಲಾರದೆ, ‘ಡಾಕ್ಟರ ಮೇಲೊಂದು ಕಣ್ಣಿರಲಿ ಕಣೇ’ ಎಂದಿದ್ದೆ. ನಾಲ್ಕನೆಯ ದಿನ ಅವಳು, ‘ನೀನೇ ಓದಿಕೋ ಅಣ್ಣ’ ಎಂದು ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದಳು. ಗುರುತಿಗೆಂದು ಅವಳು ಇಟ್ಟಿದ್ದ ಬಸ್ ಟಿಕೆಟ್ಟು ಮೂರನೆಯ ಅಧ್ಯಾಯದಲ್ಲಿ ಈಗಲೂ ಹಾಗೆಯೇ ಇದೆ. ಅಲ್ಲಿ ಆಕ್ರಾಯ್ಡ್ ಇನ್ನೂ ಬದುಕಿದ್ದಾನೆ.